ಬರಿಯ ಉಕ್ಕಿಗೆ ಯಾವ ಲೇಪನ: ಸ್ಪರ್ಧಾ ಪಿಸ್ತೂಲಿನ ಕೆಲಸ ಎಲ್ಲಿಗೆ ಬಂತು

ನನ್ನ ಸ್ಪರ್ಧಾ ಪಿಸ್ತೂಲಿನ ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮತ್ತು ಫ್ರೇಮ್ (ಹಿಡಿಕೆಯಿರುವ ಕೆಳಭಾಗ) ಕೂಡಿಸುವ ಕೆಲಸ ಮುಗಿದಿದೆ. ಗನ್‌ಸ್ಮಿತ್ ರೈಲುಗಳಿಗೆ, ಅಂದರೆ ಸ್ಲೈಡ್ ಜಾರುವ ಫ್ರೇಮಿನ ಏಣುಗಳಿಗೆ, ಲ್ಯಾಪಿಂಗ್ ಪೇಸ್ಟ್ (ಉಜ್ಜಿ ನುಣುಪಾಗಿಸುವ ಲೇಪ) ಹಚ್ಚಿ ತಾಳ್ಮೆಯಿಂದ ಉಜ್ಜಿದ್ದರ ಫಲ ಕೈಗೆ ತಿಳಿಯುತ್ತದೆ. ಸ್ಪ್ರಿಂಗ್ ತೆಗೆದು ಫ್ರೇಮನ್ನು ಓರೆ ಮಾಡಿದರೆ ಸ್ಲೈಡ್ ತನ್ನ ಭಾರಕ್ಕೇ ಜಾರುತ್ತದೆ. ಪಕ್ಕಕ್ಕೆ ಅಲುಗಿಸಿದರೆ ಸದ್ದೇ ಇಲ್ಲ. 1911 ವಿನ್ಯಾಸದ ಈ 9 ಎಂಎಂ ಪಿಸ್ತೂಲಿನಲ್ಲಿ ಇನ್ನು ಉಳಿದಿರುವುದು ಮೇಲ್ಮೈಯ ಕೆಲಸ. ಫ್ರೇಮ್, ಸ್ಲೈಡ್ ಎರಡೂ 4140 ದರ್ಜೆಯ ಉಕ್ಕು, ಸದ್ಯಕ್ಕೆ ಬರಿ ಮೈ. ಬ್ಯಾರೆಲ್ ಮಾತ್ರ 416 ಸ್ಟೇನ್‌ಲೆಸ್. ಅದನ್ನು ಇದ್ದ ಹಾಗೆಯೇ ಬಿಡುತ್ತೇನೆ.

ಲೇಪನದ ಮಾತು ಬಂದ ಕೂಡಲೇ ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ಬಣ್ಣಕ್ಕೆ ಕೊನೆಯ ಸ್ಥಾನ. ಮೊದಲ ಸ್ಥಾನ ನನ್ನ ಬೆವರಿಗೆ. ಕೆಲವರ ಬೆವರು ಉಕ್ಕಿಗೆ ಆಗಿಬರುವುದಿಲ್ಲ, ನನ್ನದು ಅಂಥದ್ದು. ಉಕ್ಕಿನ ಅಳತೆಪಟ್ಟಿಯನ್ನು ಒರೆಸದೆ ಇಟ್ಟರೆ ಬೆಳಗಾಗುವುದರೊಳಗೆ ಅದರ ಮೇಲೆ ಹೆಬ್ಬೆರಳಿನ ಗೆರೆಗಳು ಕಂದು ಬಣ್ಣದಲ್ಲಿ ಮೂಡಿರುತ್ತವೆ. ಉಪ್ಪಿನ ಕ್ಲೋರೈಡ್, ಅದರ ಜೊತೆಗೆ ಲ್ಯಾಕ್ಟಿಕ್ ಆಮ್ಲ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ. ಎರಡನೆಯದು ಹೋಲ್ಸ್ಟರ್. ಐಪಿಎಸ್‌ಸಿ ಮಾದರಿಯ, ಓಡಾಡುತ್ತ ಗುರಿಗಳಿಗೆ ಹೊಡೆಯುವ ಶೂಟಿಂಗಿನಲ್ಲಿ ಪಿಸ್ತೂಲು ಸಾಮಾನ್ಯವಾಗಿ ಪ್ರತಿ ಸುತ್ತಿನ ಆರಂಭದಲ್ಲೂ ಗಟ್ಟಿ ಪ್ಲಾಸ್ಟಿಕ್ಕಿನ ಕವಚದಿಂದ ಹೊರಬರುತ್ತದೆ, ಸ್ಲೈಡಿನ ಮುಂದಿನ ಅಂಚುಗಳು ಸವೆಯುತ್ತವೆ. ಮೂರನೆಯದು ಈಗ ತಾನೇ ಕೂಡಿಸಿದ ರೈಲು. ನಿಜವಾದ ತಲೆನೋವು ಇದೇ.

ಸ್ಲೈಡ್ ಮತ್ತು ಫ್ರೇಮಿನ ನಡುವೆ ಮೇಲೆ ಕೆಳಗೆ ಸೇರಿ ಉಳಿದಿರುವ ಸಂದು ಸುಮಾರು 25 ಮೈಕ್ರಾನ್, ಅಂದರೆ ಒಂದು ಇಂಚಿನ ಸಾವಿರದ ಒಂದು ಭಾಗ. ಫ್ರೇಮಿನ ರೈಲಿಗೆ ಮೇಲೊಂದು, ಕೆಳಗೊಂದು ಮುಖ. ಅದರ ಮೇಲೆ 5 ಮೈಕ್ರಾನ್ ಲೇಪನ ಕೂತರೆ ಎರಡೂ ಮುಖ ಸೇರಿ 10 ಹೋಯಿತು. ಸ್ಲೈಡಿನಲ್ಲಿ ರೈಲು ಕೂರುವ ತೋಡಿಗೂ ಅಷ್ಟೇ ಕೂರಿಸಿದರೆ ಇನ್ನೊಂದು 10. ಉಳಿದದ್ದು 5. ಎಣ್ಣೆಗೂ ಮದ್ದಿನ ಮಸಿಗೂ ಆ 5 ಮೈಕ್ರಾನ್ ಸಾಲದು, ಸ್ಲೈಡ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಹೀಗಾಗಿ ಯಾವ ಲೇಪನ ಒಳ್ಳೆಯದು ಎನ್ನುವುದಕ್ಕಿಂತ, ಕೈಯಲ್ಲಿರುವ ಇಷ್ಟೇ ಮೈಕ್ರಾನುಗಳನ್ನು ಎಲ್ಲಿ ಖರ್ಚು ಮಾಡಬೇಕು ಎನ್ನುವುದು ನನ್ನ ಪ್ರಶ್ನೆಯಾಯಿತು. ಆ ಲೆಕ್ಕ ಕಾಗದದ ಮೇಲೆ ಬಂದ ದಿನವೇ ಅರ್ಧ ಪಟ್ಟಿ ತಾನಾಗಿ ಅಳಿಸಿಹೋಯಿತು.

ಮೊದಲು ಹೋದದ್ದು ಸೆರಾಕೋಟ್. ಪಾಲಿಮರ್ ಮತ್ತು ಸೆರಾಮಿಕ್ ಬೆರೆತ ಈ ಬಣ್ಣವನ್ನು ಸ್ಪ್ರೇ ಮಾಡಿ ಒಲೆಯಲ್ಲಿ ಸುಮಾರು 120 ಡಿಗ್ರಿಗೆ ಕಾಯಿಸುತ್ತಾರೆ. ತುಕ್ಕು ತಡೆಯುವುದರಲ್ಲಿ ಅದರ ಮೇಲೆ ದೂರಿಲ್ಲ. ಆದರೆ ದಪ್ಪ 25 ಮೈಕ್ರಾನಿನ ಆಸುಪಾಸು. ರೈಲಿಗೆ ಟೇಪ್ ಸುತ್ತಿ ಉಳಿದ ಮೈಗೆ ಹೊಡೆಯಬಹುದು ನಿಜ. ಹಾಗೆ ಮಾಡಿದರೆ ರೈಲು ಬರಿಯ ಉಕ್ಕಾಗಿಯೇ ಉಳಿಯುತ್ತದೆ, ಹೋಲ್ಸ್ಟರಿನ ಅಂಚಿನಲ್ಲಿ ಬಣ್ಣ ತೇಯುವುದಂತೂ ತಪ್ಪುವುದಿಲ್ಲ.

ನೈಟ್ರೈಡಿಂಗ್ ಬಿಡುವುದಕ್ಕೆ ಮನಸ್ಸಿರಲಿಲ್ಲ. ಕರಗಿದ ಲವಣಗಳ ತೊಟ್ಟಿಯಲ್ಲಿ ಸುಮಾರು 570–580 ಡಿಗ್ರಿಗೆ ಕಾಯಿಸಿ ಸಾರಜನಕವನ್ನೂ ಇಂಗಾಲವನ್ನೂ ಉಕ್ಕಿನ ಒಳಗೇ ಇಳಿಸುವ ವಿಧಾನ ಅದು. ಟೆನಿಫರ್, ಮೆಲೊನೈಟ್ ಎಂಬ ವ್ಯಾಪಾರದ ಹೆಸರುಗಳು ಇದರವೇ. ಗ್ಲಾಕ್ ಪಿಸ್ತೂಲುಗಳ ಸ್ಲೈಡಿಗೆ ಹೆಸರು ತಂದುಕೊಟ್ಟದ್ದೂ ಇದೇ. ಮೇಲೆ ಕೂರುವ ಪದರವಲ್ಲ, ಉಕ್ಕಿನ ಚರ್ಮವೇ ಗಟ್ಟಿಯಾಗುತ್ತದೆ, ಆದ್ದರಿಂದ ಸಿಪ್ಪೆ ಏಳುವ ಮಾತೇ ಇಲ್ಲ. ಹೊಸ ಭಾಗಗಳಿಂದ ಆರಂಭಿಸುವವರು ಇದನ್ನೇ ಮೊದಲು ಯೋಚಿಸಲಿ. ನನ್ನ ಸ್ಥಿತಿ ಬೇರೆ. ಅಷ್ಟು ಬಿಸಿಯಲ್ಲಿ ಉದ್ದನೆಯ ತೆಳು ಭಾಗಗಳು ಕೂದಲೆಳೆಯಷ್ಟು ಬಾಗಿದರೂ ಸಾಕು, ಕೂಡಿಸಿದ ರೈಲು ಮತ್ತೆ ಬಿಗಿಯುತ್ತದೆ. ಆಮೇಲೆ ಉಜ್ಜಿ ಸರಿಪಡಿಸೋಣವೆಂದರೆ ಮೇಲ್ಮೈ ಅರಕ್ಕೂ ಬಗ್ಗದಷ್ಟು ಗಡಸಾಗಿರುತ್ತದೆ.

ಡಿಎಲ್‌ಸಿ (ವಜ್ರದಂಥ ಇಂಗಾಲದ ಪದರ), ಟೈಟಾನಿಯಂ ನೈಟ್ರೈಡ್ ಮುಂತಾದ ನಿರ್ವಾತ ಲೇಪನಗಳ ದಪ್ಪ 2ರಿಂದ 4 ಮೈಕ್ರಾನ್. ಗಡಸುತನ ವಿಕರ್ಸ್ ಮಾಪನದಲ್ಲಿ 2000 ದಾಟುವುದುಂಟು. ಕಾಗದದ ಮೇಲೆ ಇದೇ ಗೆಲ್ಲಬೇಕು. ಆದರೆ ಇವು ಸವೆತಕ್ಕೆ ಗುರಾಣಿ, ತುಕ್ಕಿಗಲ್ಲ. ತೆಳು ಪದರದಲ್ಲಿ ಕಣ್ಣಿಗೆ ಕಾಣದ ಸೂಜಿರಂಧ್ರಗಳಿರುತ್ತವೆ, ಅಡಿಯಲ್ಲಿ ಸ್ಟೇನ್‌ಲೆಸ್ ಇದ್ದರೆ ಚಿಂತೆಯಿಲ್ಲ. ಅಡಿಯಲ್ಲಿರುವುದು ನನ್ನ ಫ್ರೇಮಿನಂಥ ಉಕ್ಕು, ಮೇಲಿನಿಂದ ಇಳಿಯುವುದು ನನ್ನಂಥವರ ಬೆವರು ಎಂದಾದರೆ ತುಕ್ಕು ಆ ರಂಧ್ರದಲ್ಲೇ ಮನೆ ಮಾಡುತ್ತದೆ.

ಫಾಸ್ಫೇಟ್ ಲೇಪನವನ್ನು ಪಾರ್ಕರೈಸಿಂಗ್ ಎಂದೂ ಕರೆಯುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಆಯುಧಗಳಿಗೆ ಬೂದು ಬಣ್ಣ ಕೊಟ್ಟದ್ದು ಅದೇ. ಅದರ ಹರಳುಗಳು ಎಣ್ಣೆಯನ್ನು ಚೆನ್ನಾಗಿ ಹಿಡಿದಿಡುತ್ತವೆ. ಆದರೆ ಆ ಹರಳುಗಳು ಒರಟು, ಉಜ್ಜಿ ನುಣುಪಾಗಿಸಿದ ರೈಲಿಗೆ ಅದನ್ನು ಹಾಕಲು ನನ್ನ ಕೈ ಏಳುವುದಿಲ್ಲ.

ಉಳಿದದ್ದು ಮೂರು: ಬಿಸಿ ಬ್ಲೂಯಿಂಗ್, ಎಲೆಕ್ಟ್ರೋಲೆಸ್ ನಿಕ್ಕಲ್, ಹಾರ್ಡ್ ಕ್ರೋಮ್. ಇಲ್ಲಿಂದ ಮುಂದೆ ಓದುವುದನ್ನು ನಿಲ್ಲಿಸಿ ಪರೀಕ್ಷೆಗೆ ಇಳಿದೆ. ಅದೇ ದರ್ಜೆಯ ಉಕ್ಕಿನ ತುಂಡುಗಳಿಗೆ ಮೂರೂ ಲೇಪನ ಹಾಕಿಸಿ, ಅಭ್ಯಾಸ ಮುಗಿಸಿ ಬಂದ ಒದ್ದೆ ಅಂಗೈಯಲ್ಲಿ ಹಿಡಿದು, ಒರೆಸದೆ, ಒದ್ದೆ ಬಟ್ಟೆ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಬಿಟ್ಟೆ. ಉಪ್ಪುನೀರಿನ ಮಂಜಿನ ಶಾಸ್ತ್ರೋಕ್ತ ಪರೀಕ್ಷೆ ಬೇರೆಯೇ ಇದೆ. 35 ಡಿಗ್ರಿ ಬಿಸಿ, ಶೇ 5ರ ಉಪ್ಪು, ಗಂಟೆಗಳ ಲೆಕ್ಕ. ಎರಡು ಲೇಪನಗಳನ್ನು ಹೋಲಿಸಲು ಅದು ಒಳ್ಳೆಯದು. ನನ್ನ ಕೈಯಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ನನ್ನ ಅಂಗೈಯೇ ಬೇಕು.

ಎಣ್ಣೆ ಪೂರ್ತಿ ಒರೆಸಿದ ಬ್ಲೂಯಿಂಗ್ ತುಂಡು ಎಲ್ಲಕ್ಕಿಂತ ಮೊದಲು ಸೋತಿತು. ಕಪ್ಪು ಮೈಯ ಮೇಲೆ ಕೇಸರಿ ಚುಕ್ಕೆಗಳು, ಬೆರಳು ಒತ್ತಿದ ಆಕಾರದಲ್ಲಿಯೇ. ಎಣ್ಣೆ ಸವರಿದ ತುಂಡು ಮಾತ್ರ ಬಹಳ ಹೊತ್ತು ತಡೆಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳು ಸುಮಾರು 140 ಡಿಗ್ರಿಯಲ್ಲಿ ಕುದಿಯುವ ತೊಟ್ಟಿಯಲ್ಲಿ ಉಕ್ಕಿನ ಮೇಲ್ಮೈ ಮ್ಯಾಗ್ನೆಟೈಟ್ ಆಗಿ ಬದಲಾಗುತ್ತದೆ. ಹಾಗೆ ಹುಟ್ಟುವ ಪದರ ಒಂದೆರಡು ಮೈಕ್ರಾನ್ ಮಾತ್ರ. ಅದು ತುಕ್ಕನ್ನು ತಡೆಯುವುದಕ್ಕಿಂತ ಎಣ್ಣೆಯನ್ನು ಹಿಡಿದಿಡುತ್ತದೆ, ಕೆಲಸ ಮಾಡುವುದು ಎಣ್ಣೆ.

ನಿಕ್ಕಲ್ ತುಂಡು ಕೊನೆಯವರೆಗೂ ಶುಭ್ರವಾಗಿ ನಿಂತಿತು. ವಿದ್ಯುತ್ತಿಲ್ಲದೆ, 90 ಡಿಗ್ರಿಯ ದ್ರಾವಣದಲ್ಲಿ ರಾಸಾಯನಿಕವಾಗಿಯೇ ಕೂರುವ ನಿಕ್ಕಲ್–ರಂಜಕದ ಪದರ ಇದು. 1946ರಲ್ಲಿ ಅಬ್ನರ್ ಬ್ರೆನರ್ ಮತ್ತು ಗ್ರೇಸ್ ರಿಡೆಲ್ ಇದರ ದಾರಿ ತೋರಿಸಿದರು. ಮೂಲೆ, ರಂಧ್ರ, ತೋಡು ಎಲ್ಲ ಕಡೆಯೂ ಒಂದೇ ದಪ್ಪ. ತುಕ್ಕಿನ ಮಟ್ಟಿಗೆ ಇದೇ ನನ್ನ ಮೊದಲ ಆಯ್ಕೆಯಾಗಬೇಕಿತ್ತು. ಆದರೆ ಶಾಖ ಕೊಟ್ಟು ಗಟ್ಟಿ ಮಾಡದಿದ್ದರೆ ಅದರ ಗಡಸುತನ ವಿಕರ್ಸ್ 500ರ ಆಸುಪಾಸು. 900 ದಾಟಿಸಬೇಕಾದರೆ 400 ಡಿಗ್ರಿಯ ಒಲೆ ಬೇಕು, ಆಗ ತುಕ್ಕು ತಡೆಯುವ ಗುಣದಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ರೈಲಿನಲ್ಲಿ ಉಜ್ಜಾಟವೇ ಹೆಚ್ಚು, ಆದ್ದರಿಂದ ಇದನ್ನು ಬಿಟ್ಟೆ.

ಕ್ರೋಮ್ ಫಲಿತಾಂಶ ನೋಡುವಂತಿತ್ತು. ಅಗಲವಾದ ಮುಖಗಳಲ್ಲಿ ಏನೂ ಇಲ್ಲ. ಕೊರೆದ ರಂಧ್ರದ ಒಳಬದಿಯಲ್ಲಿ, ಪದರ ತೆಳುವಾದಲ್ಲಿ, ಎರಡು ಸಣ್ಣ ಕಂದು ಚುಕ್ಕೆಗಳು. ಬಟ್ಟೆಯಲ್ಲಿ ಒರೆಸಿದರೆ ಹೋದವು. ಗಟ್ಟಿ ಕ್ರೋಮಿನಲ್ಲಿ ಹುಟ್ಟಿನಿಂದಲೇ ಸೂಕ್ಷ್ಮ ಬಿರುಕುಗಳಿರುತ್ತವೆ, ವಿದ್ಯುತ್ತು ಅಂಚುಗಳಿಗೆ ಹೆಚ್ಚು, ಒಳಮೂಲೆಗಳಿಗೆ ಕಡಿಮೆ ಹರಿಯುತ್ತದೆ. ಹೀಗಾಗಿ ಅದು ನಿಕ್ಕಲಿನಷ್ಟು ನಿಶ್ಛಿದ್ರವಲ್ಲ. ಆದರೆ ಗಡಸುತನ 850–1000 ವಿಕರ್ಸ್, ತೊಟ್ಟಿಯ ಬಿಸಿ ಬರಿ 50–55 ಡಿಗ್ರಿ. ರೈಲು ಬಾಗುವ ಭಯವಿಲ್ಲ.

ಕೊನೆಗೆ ತೀರ್ಮಾನಿಸಿದ್ದು ಹೀಗೆ. ಫ್ರೇಮಿಗೆ ರೈಲೂ ಸೇರಿ 5 ಮೈಕ್ರಾನ್ ಹಾರ್ಡ್ ಕ್ರೋಮ್. ಸ್ಲೈಡಿಗೆ ಬಿಸಿ ಬ್ಲೂಯಿಂಗ್. ಅಂಗೈ ಒತ್ತಿ ಕೂರುವುದು ಫ್ರೇಮಿನ ಮೇಲೆ, ಬೆವರು ಇಳಿಯುವುದೂ ಅಲ್ಲೇ, ಆದ್ದರಿಂದ ಮೈಕ್ರಾನುಗಳೆಲ್ಲ ಅಲ್ಲಿಗೇ ಹೋಗಲಿ. ಸಂದಿನಲ್ಲಿ 15 ಉಳಿಯುತ್ತದೆ, ಅದು ಓಡಾಟಕ್ಕೆ ಸಾಕು. ಸ್ಲೈಡನ್ನು ನಾನು ಮುಟ್ಟುವುದು ಎಳೆಯುವಾಗ ಮಾತ್ರ, ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮುಗಿಯಿತು. ಹೋಲ್ಸ್ಟರಿನಲ್ಲಿ ಅದರ ಅಂಚು ಬೆಳ್ಳಗಾಗುವುದು ಖಂಡಿತ. ಆಗಲಿ. ಬ್ಲೂಯಿಂಗನ್ನು ತೆಗೆದು ಮತ್ತೆ ಹಾಕಿಸಿದರೂ ಅಳತೆ ಹೆಚ್ಚುಕಡಿಮೆ ಆಗುವುದಿಲ್ಲ, ಕ್ರೋಮಿಗೆ ಆ ಸೌಕರ್ಯವಿಲ್ಲ. ಒಂದರ ಮೇಲೊಂದು ಜಾರುವ ಎರಡು ಮುಖಗಳು ಬೇರೆ ಬೇರೆ ಗಡಸಿನವಾದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಸಂಭವವೂ ಕಡಿಮೆ. ಬಣ್ಣದ ಮಾತಿಗೆ ಈಗ ಬರಬಹುದು: ಕಪ್ಪು ಸ್ಲೈಡಿನ ಮೇಲ್ಭಾಗ ಸೈಟುಗಳ (ಗುರಿ ಹಿಡಿಯುವ ಗುರುತುಗಳ) ಸುತ್ತ ಹೊಳೆಯುವುದಿಲ್ಲ. ಬಿಸಿಲಿನಲ್ಲಿ ಮುಂದಿನ ಸೈಟ್ ಮಿಂಚದಿರಲೆಂದು ಹಳೆಯ ಶೂಟರುಗಳು ಕಾರ್ಬೈಡ್ ದೀಪದ ಹೊಗೆ ಹಿಡಿದು ಅದನ್ನು ಕಪ್ಪಾಗಿಸುತ್ತಿದ್ದರು. ಬೆಳ್ಳಿ ಬಣ್ಣದ ಸ್ಲೈಡ್ ಬೇಕೆನ್ನುವವರು ಆ ದೀಪವನ್ನೂ ಹುಡುಕಿಟ್ಟುಕೊಳ್ಳಲಿ.

ತಯಾರಿಯ ಬಗ್ಗೆ ನನಗೆ ಹಟವಿದೆ. ಲೇಪನ ಹಾಳಾಗುವುದು ತೊಟ್ಟಿಯಲ್ಲಿ ಅಲ್ಲ, ಅದಕ್ಕೆ ಮುಂಚೆ ಪಾಲಿಶ್ ಚಕ್ರದ ಮುಂದೆ. ಅವಸರದಲ್ಲಿ ಮೆತ್ತನೆಯ ಚಕ್ರಕ್ಕೆ ಹಿಡಿದ ಸ್ಲೈಡನ್ನು ಬೆಳಕಿಗೆ ಓರೆ ಹಿಡಿದು ನೋಡಿ: ಚಪ್ಪಟೆ ಮುಖ ಅಲೆಯಲೆಯಾಗಿರುತ್ತದೆ, ಪಿನ್ ರಂಧ್ರಗಳ ಬಾಯಿ ತಟ್ಟೆಯ ಹಾಗೆ ತಗ್ಗಾಗಿರುತ್ತದೆ, ಕೆತ್ತಿದ ಅಕ್ಷರಗಳ ಒಂದು ಬದಿ ಅಳಿಸಿರುತ್ತದೆ. ಬ್ಲೂಯಿಂಗ್ ಇದನ್ನೆಲ್ಲ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಅದಕ್ಕೇ ಸ್ಲೈಡಿನ ಪಕ್ಕಗಳನ್ನು ಗಾಜಿನ ಮೇಲೆ ಮರಳುಕಾಗದ ಹಾಸಿ, 400ರ ದರ್ಜೆಯವರೆಗೆ, ಒಂದೇ ದಿಕ್ಕಿನಲ್ಲಿ ಕೈಯಿಂದ ಎಳೆದಿದ್ದೇನೆ. ಮೇಲ್ಭಾಗಕ್ಕೆ ಮಾತ್ರ ಗಾಜಿನ ಮಣಿಗಳ ಬ್ಲಾಸ್ಟಿಂಗ್.

ಹಿಡಿಕೆಯ ಮುಂಭಾಗದ ಚೆಕ್ಕರಿಂಗ್, ಅಂದರೆ ಕೈ ಜಾರದಿರಲು ಕೊರೆದ ಚೌಕಳಿ ಗೆರೆಗಳು, ಇನ್ನೊಂದು ಸೂಕ್ಷ್ಮ. ಇಂಚಿಗೆ 30 ಗೆರೆ, ಅಂದರೆ ಒಂದು ಮೊನೆಯಿಂದ ಇನ್ನೊಂದಕ್ಕೆ 0.85 ಮಿಲಿಮೀಟರ್. ಬ್ಲಾಸ್ಟಿಂಗ್ ಈ ಮೊನೆಗಳನ್ನು ಮೊಂಡು ಮಾಡುತ್ತದೆ. ಕ್ರೋಮ್ ತೊಟ್ಟಿಯಲ್ಲಿ ವಿದ್ಯುತ್ತು ಮೊನೆಗಳಿಗೇ ಹೆಚ್ಚು ಹರಿದು ಅವುಗಳ ತುದಿ ದಪ್ಪವಾಗುತ್ತದೆ. ಆ ಭಾಗಕ್ಕೆ ಬ್ಲಾಸ್ಟಿಂಗ್ ಬೇಡ, ಟೇಪ್ ಸುತ್ತಿ ಎಂದು ಬರೆದುಕೊಟ್ಟಿದ್ದೇನೆ. ಕ್ರೋಮ್ ಆದ ಮೇಲೆ ಹಿಡಿತ ಸ್ವಲ್ಪ ಮೆತ್ತಗಾಗುತ್ತದೆ. ಈಗಿರುವ ಚೂಪಿಗೆ ಅಂಗೈ ಸುಲಿಯುತ್ತಿರುವುದರಿಂದ ಅದು ನಷ್ಟವೇನಲ್ಲ.

ಸಣ್ಣ ಭಾಗಗಳಲ್ಲಿ ಸ್ಪ್ರಿಂಗುಗಳು, ಎಕ್ಸ್‌ಟ್ರಾಕ್ಟರ್, ಫೈರಿಂಗ್ ಪಿನ್, ಹ್ಯಾಮರ್, ಅದನ್ನು ತಡೆದು ನಿಲ್ಲಿಸುವ ಸಿಯರ್ ಯಾವುದೂ ಕ್ರೋಮ್ ತೊಟ್ಟಿಗೆ ಹೋಗುವುದಿಲ್ಲ. ಆಮ್ಲದಲ್ಲಿ ತೊಳೆಯುವಾಗಲೂ ಲೇಪನ ಕೂರುವಾಗಲೂ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಗಡಸು ಉಕ್ಕಾದರೆ ಒಂದು ದಿನ ಮುನ್ಸೂಚನೆಯಿಲ್ಲದೆ ಪಟ್ಟೆಂದು ಮುರಿಯುತ್ತದೆ. ಅದನ್ನು ಹೊರಹಾಕಲು ಲೇಪನದ ನಂತರ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುವ ಪದ್ಧತಿಯಿದೆ. ಫ್ರೇಮಿನ ಉಕ್ಕು ಅಷ್ಟು ಗಡಸಲ್ಲ, ಆದರೂ ಕಾಯಿಸಲು ಕೇಳಿಕೊಂಡಿದ್ದೇನೆ. ಸಿಯರ್ ಮತ್ತು ಹ್ಯಾಮರ್ ಒಂದನ್ನೊಂದು ಹಿಡಿಯುವ ಅಂಚಿಗಂತೂ ಯಾವ ಲೇಪನವೂ ಬೇಡ. ಅಲ್ಲಿನ ಮೂಲೆ ಬದಲಾದರೆ ಟ್ರಿಗರ್ ಬದಲಾದಂತೆ, ಅದು ಸುರಕ್ಷತೆಯ ಪ್ರಶ್ನೆ. ಅಲ್ಯೂಮಿನಿಯಂ ಟ್ರಿಗರನ್ನು ಬ್ಲೂಯಿಂಗ್ ಡಬ್ಬಿಯಿಂದ ದೂರ ಇಟ್ಟಿದ್ದೇನೆ, ಕಾಸ್ಟಿಕ್ ಅದನ್ನು ಕರಗಿಸಿಬಿಡುತ್ತದೆ. ಸ್ಲೈಡ್ ಸ್ಟಾಪ್ ಮತ್ತು ಸೇಫ್ಟಿ ಬ್ಲೂಯಿಂಗಿಗೆ ಹೋಗುತ್ತವೆ. ಎರಕದ ಸಣ್ಣ ಭಾಗಗಳು ಕೆಲವೊಮ್ಮೆ ಕಪ್ಪಾಗುವ ಬದಲು ನೇರಳೆಯಾಗಿ ಹೊರಬರುತ್ತವೆ; ಬಂದರೆ ಹಾಗೆಯೇ ಇರಲಿ.

ಫ್ರೇಮ್ ಈಗ ಪರವಾನಗಿ ಇರುವ ಲೇಪನ ಕಾರ್ಯಾಗಾರದಲ್ಲಿದೆ. ರೈಲಿನ ಅಳತೆಗಳನ್ನು ಮೈಕ್ರೋಮೀಟರಿನಲ್ಲಿ ಪ್ರತಿ ರೈಲಿಗೆ ಮೂರು ಕಡೆ ತೆಗೆದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿದ್ದೇನೆ, ಮರಳಿ ಬಂದಾಗ ಅದೇ ಜಾಗಗಳಲ್ಲಿ ಮತ್ತೆ ಅಳೆಯಬೇಕು. 5 ಮೈಕ್ರಾನಿಗಿಂತ ದಪ್ಪ ಕೂತಿದ್ದರೆ ಗನ್‌ಸ್ಮಿತ್ ವಜ್ರದ ಪೇಸ್ಟಿನಲ್ಲಿ ಉಜ್ಜಿ ಇಳಿಸಬೇಕಾಗುತ್ತದೆ, ಕ್ರೋಮಿನ ಮೇಲೆ ಮಾಮೂಲಿ ಪೇಸ್ಟಿನ ಕೆಲಸ ನಿಧಾನ. ಅದು ಸರಿಯಾಗಿ ಓಡಿದ ಮೇಲೆಯೇ ಸ್ಲೈಡನ್ನು ಬ್ಲೂಯಿಂಗಿಗೆ ಕೊಡುತ್ತೇನೆ.