ಸಾಲ ತೀರಿಸದವನು ಅಪರಾಧಿಯಾ?

ಮೊನ್ನೆ ಗೆಳೆಯನೊಬ್ಬ ಸಿಕ್ಕಾಪಟ್ಟೆ ಸಿಟ್ಟಿನಲ್ಲಿ ಫೋನ್ ಮಾಡಿದ. ಅವನ ಹತ್ತಿರ ಕೈಸಾಲ ಇಸಕೊಂಡವನು ಈಗ ಫೋನೇ ಎತ್ತುತ್ತಿಲ್ಲವಂತೆ. "ಕ್ರಿಮಿನಲ್ ಕೇಸ್ ಹಾಕಿ ಒಳಗೆ ಕೂರಿಸ್ತೀನಿ" ಅಂದ. ದುಡ್ಡು ಇಸಕೊಂಡ ದಿನವೇ ವಾಪಸ್ ಕೊಡಬಾರದು ಅಂತ ಅವನ ಮನಸ್ಸಿನಲ್ಲಿತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಮಾರಾಯ, ಆಗ ಅವನಿಗೆ ಕೆಲಸ ಇತ್ತು, ನಾಲ್ಕು ಕಂತು ಕೊಟ್ಟೂ ಇದ್ದ."

ಹಾಗಾದರೆ ಅದು ವಂಚನೆ ಅಲ್ಲ, ಬರೀ ಬಾಕಿ. ಸಿವಿಲ್ ಕೋರ್ಟಿನ ವಿಷಯ. ಇಲ್ಲದ ಕೆಲಸದ ಕಥೆ ಕಟ್ಟಿ, ಮೊದಲ ದಿನದಿಂದಲೇ ಮುಳುಗಿಸುವ ಲೆಕ್ಕ ಹಾಕಿಕೊಂಡು ದುಡ್ಡು ಕಿತ್ತಿದ್ದರೆ ಆಗ ಅಪರಾಧ. ಗೆಳೆಯನಿಗೆ ಆಗುವ ನಷ್ಟ ಎರಡರಲ್ಲೂ ಒಂದೇ, ಅಲ್ವಾ? ವ್ಯತ್ಯಾಸ ಇರುವುದು ಸಾಲಗಾರನ ತಲೆಯೊಳಗೆ. ಬೇರೆಯವರ ಕೊಡೆಯನ್ನು ನನ್ನದೇ ಅಂದುಕೊಂಡು ಎತ್ತಿಕೊಂಡು ಬಂದರೆ ನಾನು ಕಳ್ಳನಲ್ಲ. ಬೇಕಂತಲೇ ಎತ್ತಿಕೊಂಡು ಬಂದರೆ ಕಳ್ಳ. ಬಹುತೇಕ ಅಪರಾಧಗಳಿಗೆ ಹೀಗೆ ಕೆಟ್ಟ ಕೆಲಸವೂ ಬೇಕು, ಅದರ ಹಿಂದೆ ಕೆಟ್ಟ ಮನಸ್ಸೂ ಬೇಕು. ಬರೀ ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಶಿಕ್ಷೆ ಇಲ್ಲ, ಪುಣ್ಯಕ್ಕೆ.

ಇನ್ನೊಂದು ವಿಷಯ. ಕ್ರಿಮಿನಲ್ ಕೇಸು ನಡೆಸುವುದು ಸಾಮಾನ್ಯವಾಗಿ ಸರ್ಕಾರ, ಏಟು ತಿಂದವನಲ್ಲ. ಅವನು ಸಾಕ್ಷಿ ಅಷ್ಟೇ. ಇದನ್ನು ಕೇಳಿ ಬೇಜಾರಾಗುವವರೇ ಜಾಸ್ತಿ. ಆದರೆ ಒಬ್ಬನಿಗೆ ಬಿದ್ದ ಏಟು ನಮ್ಮೆಲ್ಲರ ನೆಮ್ಮದಿಗೂ ಬಿದ್ದ ಏಟು ಅನ್ನುವ ಲೆಕ್ಕ ಅದು. ಜೈಲು ಅಂದರೆ ಮನುಷ್ಯನ ಬದುಕನ್ನೇ ಕಿತ್ತುಕೊಂಡ ಹಾಗೆ, ಅದಕ್ಕೇ ಸಾಕ್ಷ್ಯವೂ ಗಟ್ಟಿ ಇರಬೇಕು, ಅನುಮಾನಕ್ಕೆ ಎಡೆ ಇರಬಾರದು. ಸಿವಿಲ್‌ನಲ್ಲಿ ತಕ್ಕಡಿ ಒಂದು ಕಡೆ ವಾಲಿದರೆ ಸಾಕು. ಅಮೆರಿಕದ ಮಾಜಿ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ 1995ರಲ್ಲಿ ಜೋಡಿ ಕೊಲೆ ಆರೋಪದಿಂದ ಬಿಡುಗಡೆಯಾದ. ಅದೇ ಸಾವುಗಳಿಗೆ 1997ರಲ್ಲಿ ಸಿವಿಲ್ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪು) ಅವನನ್ನೇ ಹೊಣೆ ಮಾಡಿ 3.35 ಕೋಟಿ ಡಾಲರ್ ಪರಿಹಾರ ಹೊರಿಸಿತು. ಹುಚ್ಚಾಟ ಅನ್ನಿಸುತ್ತದೆ, ಆದರೆ ಎರಡು ಕೋರ್ಟುಗಳ ಅಳತೆಗೋಲೇ ಬೇರೆ.

ನನ್ನನ್ನು ಬಿಡದೆ ಕಾಡುವ ಕೇಸು ಮಾತ್ರ 1884ರದ್ದು. ಮಿನ್ಯೊನೆಟ್ ಎಂಬ ಇಂಗ್ಲಿಷ್ ಹಾಯಿದೋಣಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಸಣ್ಣ ದೋಣಿಯಲ್ಲಿ ನಾಲ್ಕು ಜನ, ತಿನ್ನಲು ಎರಡು ಡಬ್ಬಿ ಟರ್ನಿಪ್ ಗೆಡ್ಡೆ, ನಡುವೆ ಸಿಕ್ಕ ಒಂದು ಆಮೆ, ಕುಡಿಯುವ ನೀರು ಒಂದು ಹನಿಯೂ ಇಲ್ಲ, ಮಳೆ ಬಂದರೆ ಉಂಟು. ಸುಮಾರು ಇಪ್ಪತ್ತು ದಿನ ಕಳೆದ ಮೇಲೆ ಡಡ್ಲಿ ಮತ್ತು ಸ್ಟೀಫನ್ಸ್ ಸೇರಿ, ಕಾಯಿಲೆ ಬಿದ್ದಿದ್ದ ಹದಿನೇಳರ ಹುಡುಗ ಪಾರ್ಕರ್‌ನನ್ನು ಕೊಂದರು. ಮೂವರು ತಿಂದರು. ಕೆಲವೇ ದಿನದಲ್ಲಿ ಹಡಗೊಂದು ಬಂದು ಅವರನ್ನು ಎತ್ತಿಕೊಂಡಿತು. ಅವರು ಏನನ್ನೂ ಮುಚ್ಚಿಡಲಿಲ್ಲ. ಜನರ ಕನಿಕರ ಅವರ ಕಡೆಗಿತ್ತು. ಆದರೂ ಕೋರ್ಟು, ಹಸಿವು ಎಷ್ಟೇ ಇರಲಿ, ಇದು ಕೊಲೆಯೇ ಅಂತ ತೀರ್ಪು ಕೊಟ್ಟು ಮರಣದಂಡನೆ ವಿಧಿಸಿತು. ಆಮೇಲೆ ಶಿಕ್ಷೆ ಆರು ತಿಂಗಳ ಜೈಲಿಗೆ ಇಳಿಯಿತು. ಕೊಲೆ ಅಂದದ್ದು ಸರಿ, ಆರೇ ತಿಂಗಳು ಕೊಟ್ಟದ್ದೂ ಸರಿ ಅಂತ ನನಗೆ ಅನ್ನಿಸುತ್ತದೆ. ಆ ಹುಡುಗನನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ.

ಯಾವುದು ಅಪರಾಧ ಅನ್ನುವ ಗೆರೆಯೂ ಒಂದೇ ಕಡೆ ನಿಲ್ಲುವುದಿಲ್ಲ. ಅದೇ ಇಂಗ್ಲೆಂಡಿನಲ್ಲಿ 1961ರವರೆಗೂ ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿ ಉಳಿದವರು ಅಪರಾಧಿಗಳು. ಹೆಂಡತಿಯ ಮೇಲೆ ಗಂಡ ಮಾಡುವ ಅತ್ಯಾಚಾರ ಅಪರಾಧವೇ ಅಂತ ಅಲ್ಲಿನ ಮೇಲಿನ ಕೋರ್ಟು ಒಪ್ಪಿದ್ದು 1991ರಲ್ಲಿ. ಮೊದಲನೆಯದನ್ನು ಕಾನೂನು ಕೈಬಿಟ್ಟಿತು, ಎರಡನೆಯದನ್ನು ಇಷ್ಟು ತಡವಾಗಿ ಹಿಡಿದುಕೊಂಡಿತು. ಹಾಗಾಗಿ ಯಾರಾದರೂ ಯಾವುದೋ ಕೆಟ್ಟ ನಡತೆ ತೋರಿಸಿ "ಇದನ್ನು ಅಪರಾಧ ಮಾಡಬೇಕು" ಅಂದಾಗ ನಾನು ತಕ್ಷಣ ತಲೆಯಾಡಿಸುವುದಿಲ್ಲ. ಸುಳ್ಳು ಹೇಳುವುದು, ಮಾತು ತಪ್ಪುವುದು, ಗೆಳೆಯನ ಕೈಬಿಡುವುದು ಎಲ್ಲ ತಪ್ಪೇ. ಎಲ್ಲದಕ್ಕೂ ಪೊಲೀಸರನ್ನು ಕರೆಯುತ್ತಾ ಹೋದರೆ ಹೊರಗೆ ಉಳಿಯುವವರು ಯಾರು?

ನನ್ನ ಗೆಳೆಯನಿಗೆ ಈ ಪಾಠ ಯಾವುದೂ ಹಿಡಿಸಲಿಲ್ಲ. "ಅಂದ್ರೆ ಅವನು ಆರಾಮಾಗಿ ಇರ್ಲಿ ಅಂತೀಯಾ?" ಅಂತ ಕೇಳಿದ. ಹಾಗಲ್ಲ, ಕಂತು ಕಟ್ಟಿದ ದಾಖಲೆ ಹುಡುಕಿಡು, ಮೊದಲು ಒಂದು ನೋಟಿಸ್ ಕೊಡು ಅಂದೆ. ಫೋನ್ ಇಟ್ಟುಬಿಟ್ಟ.