ಹಾಲಿನ ಕ್ಯಾನ್ ಕವುಚಿದ ಮೇಲೆ ಒಂದು ತಲೆಬರಹ

ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಬಹಳ ಮಂದಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಪೇಟೆಯಲ್ಲಿ ಮೀನಿಗೆ ಚೌಕಾಶಿ ಮಾಡುವುದಕ್ಕೆ ಏನೂ ತೊಂದರೆಯಿಲ್ಲ, ವಿಲೇಜ್ ಆಫೀಸಿನಿಂದ ಬಂದ ಕಾಗದ ಓದಲು ಪಕ್ಕದ ಮನೆಯ ಹುಡುಗನೇ ಆಗಬೇಕು. ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಕಟ್ಟುವವರಿಗಂತೂ, ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕರೆಯುವ ಹುದ್ದೆಗಳು ಕಣ್ಣೆದುರೇ ಇರುತ್ತವೆ. ಹಾಗಾಗಿ ಕಲಿಯಲು ಹೊರಡುವವರಿಗೆ ಕಡಿಮೆಯಿಲ್ಲ. ದಿನಕ್ಕೆ ಒಂದು ಗಂಟೆ ಎಂದು ಹೊರಟು ಎರಡನೇ ವಾರಕ್ಕೆ ಪುಸ್ತಕ ಮಡಚುವವರೇ ಹೆಚ್ಚು. ಅದಕ್ಕೆ ಸೋಮಾರಿತನದ ಹೆಸರು ಕೊಡುತ್ತೇವೆ. ನೂರರಲ್ಲಿ ತೊಂಬತ್ತು ಸಲ ತಪ್ಪಿರುವುದು ಅಳತೆ.

ಅಳತೆ ಗೊತ್ತುಮಾಡುವಾಗ ಬಿಡುವಿರುವ ಭಾನುವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ದಿನವನ್ನು ಹಿಡಿಯಿರಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೇರೆಬೇರೆಯಾಗಿ ಕರಗಿಸಿ ಬೆರೆಸಬೇಕು, ಮರ ಹತ್ತುವವರು ಬಂದ ಹೊತ್ತಿಗೆ ಮಳೆ ಬಿಟ್ಟಿರಬೇಕು, ಅವರ ಚಾ ತಿಂಡಿ ನೋಡಬೇಕು, ನಡುವೆ ಕರೆಂಟು ಇಲ್ಲ. ಅಂಥ ದಿನವೂ ಎಷ್ಟು ಮಾಡಬಹುದೋ ಅಷ್ಟೇ ನಿಮ್ಮ ದಿನದ ಅಳತೆ. ಮಲಯಾಳ ಓದುವುದಾದರೆ ಅದು ಮೂರು ನಿಮಿಷ: ಮೊದಲ ತಿಂಗಳು ದಿನಕ್ಕೆ ಎರಡು ಅಕ್ಷರ, ಆಮೇಲೆ ಪತ್ರಿಕೆಯ ಒಂದೇ ಒಂದು ತಲೆಬರಹ. ಬಾಯಿಬಿಟ್ಟು ಓದಬೇಕು. ಮನಸ್ಸಿನಲ್ಲೇ ಓದಿದರೆ ಕಣ್ಣು ಮೊದಲ ಎರಡು ಅಕ್ಷರ ನೋಡಿ ಉಳಿದದ್ದನ್ನು ಊಹೆ ಮಾಡಿ ಮುಂದೆ ಹೋಗುತ್ತದೆ.

ಇಷ್ಟು ಕಡಿಮೆಯೇ ಎಂದು ನಗಬೇಡಿ ಮಾರಾಯ್ರೆ. ವರ್ಣಮಾಲೆಯ ಕ್ರಮ ಕನ್ನಡದ್ದೇ, ಹೊಸದು ಆಕಾರ ಮಾತ್ರ. ಸ್ವರ ವ್ಯಂಜನ ಸೇರಿ ಸುಮಾರು 50. ದಿನಕ್ಕೆ ಎರಡರಂತೆ 25 ದಿನ. ಗ ಮತ್ತು ಶ, ದ ಮತ್ತು ಭ ನೋಡಲು ಹತ್ತಿರ ಹತ್ತಿರ ಇರುವುದರಿಂದ ಅವನ್ನು ಒಂದೇ ದಿನ ಕಲಿಯಬಾರದು, ನಡುವೆ ನಾಲ್ಕೈದು ದಿನ ಬಿಡಬೇಕು. ಕನ್ನಡಿಗರು ಹೆಚ್ಚು ಎಡವುವುದು ಸ್ವರಚಿಹ್ನೆಗಳಲ್ಲಿ. ಎ, ಏ, ಐ ಚಿಹ್ನೆಗಳು ವ್ಯಂಜನದ ಎಡಕ್ಕೆ ಬರುತ್ತವೆ, ಒ, ಓ ಎರಡೂ ಬದಿಗೆ ಹಂಚಿಕೊಂಡಿರುತ್ತವೆ. ಚಿಹ್ನೆಯನ್ನು ಮೊದಲು ಕಂಡು ವ್ಯಂಜನವನ್ನು ಮೊದಲು ಉಚ್ಚರಿಸುವುದಕ್ಕೆ ನಾಲಿಗೆಗೆ ಒಂದು ವಾರವಾದರೂ ಬೇಕು. ಅದಾದ ಮೇಲೆ ಚಿಲ್ಲು, ಎಂದರೆ ಸ್ವರವಿಲ್ಲದೆ ನಿಲ್ಲುವ ವ್ಯಂಜನ: ಣ್, ನ್, ರ್, ಲ್, ಳ್ ಐದಕ್ಕೂ ಬೇರೆಯೇ ಆಕಾರ. ಹಳಗನ್ನಡದಲ್ಲಿದ್ದು ನಾವು ಬಿಟ್ಟ ಱ, ೞ ಅಲ್ಲಿ ಇನ್ನೂ ಬಳಕೆಯಲ್ಲಿವೆ, ಆ ಎರಡಕ್ಕೆ ಒಂದೊಂದು ಇಡೀ ದಿನ ಕೊಡಿ. 1971ರ ಲಿಪಿ ಸುಧಾರಣೆಗೆ ಮುಂಚಿನ ಪುಸ್ತಕಗಳಲ್ಲಿ ಉ, ಊ ಚಿಹ್ನೆಗಳು ವ್ಯಂಜನಕ್ಕೇ ಅಂಟಿಕೊಂಡಿರುತ್ತವೆ, ಶುರುವಿಗೆ ಅವು ಬೇಡ.

ಬಸ್ಸಿನ ಬೋರ್ಡು ಓದುವುದು ಒಳ್ಳೆಯ ಅಭ್ಯಾಸ ಎನ್ನುವವರಿದ್ದಾರೆ. ಮೊದಲ ಹದಿನೈದು ದಿನಕ್ಕೆ ಸರಿ. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಎಂಬ ಹೆಸರುಗಳು ಮೊದಲೇ ಗೊತ್ತಿರುವುದರಿಂದ ಆಮೇಲೆ ಅದು ಓದುವುದಲ್ಲ, ಗುರುತು ಹಿಡಿಯುವುದು. ಗೊತ್ತಿಲ್ಲದ ಪದ ಬರುವ ತಲೆಬರಹವೇ ಬೇಕು.

ಇನ್ನು ಯಾವಾಗ ಎಂಬುದು. ಬೆಳಿಗ್ಗೆ ಏಳಕ್ಕೆ ಎಂದು ಗಡಿಯಾರಕ್ಕೆ ಕಟ್ಟಿದರೆ, ಏಳಕ್ಕೆ ಫೋನ್ ಬಂದ ದಿನ ಓದು ಹೋಯಿತು. ಹೇಗೂ ಆಗಿಯೇ ಆಗುವ ಕೆಲಸಕ್ಕೆ ಕಟ್ಟಬೇಕು. ದನ ಇರುವ ಮನೆಯಲ್ಲಿ ಸೊಸೈಟಿಗೆ ಹಾಲು ಕೊಡುವುದಕ್ಕಿಂತ ಗಟ್ಟಿಯಾದ ಗೂಟ ಇನ್ನೊಂದಿಲ್ಲ, ಮಳೆಯಿರಲಿ ಮದುವೆಯಿರಲಿ ಹಾಲು ಕೊಡಲೇಬೇಕು. ಆದರೆ ‘ಹಾಲು ಕೊಟ್ಟು ಬಂದ ಮೇಲೆ’ ಎಂದರೆ ಸಾಲದು. ಬಂದ ಮೇಲೆ ಹತ್ತು ಕೆಲಸ ಇರುತ್ತದೆ. ‘ಕ್ಯಾನ್ ತೊಳೆದು ಕವುಚಿದ ಕೂಡಲೇ, ಜಗಲಿಯಲ್ಲಿ ಕೂತು, ಪತ್ರಿಕೆಯ ಮೊದಲ ಪುಟದ ಒಂದು ತಲೆಬರಹ’ ಎಂದು ಯಾವಾಗ, ಎಲ್ಲಿ, ಏನು ಮೂರೂ ಒಂದೇ ವಾಕ್ಯದಲ್ಲಿ ಬರೆದಿಡಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರ ಲೇಖನದಲ್ಲಿ ವಿವರಿಸಿದ್ದು ಇದನ್ನೇ: ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಮಾಡುತ್ತೇನೆ ಎಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ದನ ಇಲ್ಲದವರು, ಮಂಗಳೂರಿಗೆ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿಗಳು, ‘ರೈಲು ಕುಂಬಳೆ ಬಿಟ್ಟ ಕೂಡಲೇ’ ಎಂದಿಟ್ಟುಕೊಳ್ಳಬಹುದು. ಉಪ್ಪಳ ಬರುವುದರೊಳಗೆ ಮುಗಿಯುತ್ತದೆ, ಸೀಟು ಸಿಗದಿದ್ದರೂ ನಡೆಯುತ್ತದೆ. ಪತ್ರಿಕೆ ಮಾತ್ರ ಕಾಗದದ್ದೇ ಇರಲಿ. ಫೋನಿನಲ್ಲಿ ಓದಲು ಹೊರಟರೆ ತಲೆಬರಹಕ್ಕಿಂತ ಮುಂಚೆ ವಾಟ್ಸ್ಆಪ್ ತೆರೆದಿರುತ್ತದೆ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದರ ಬೇರು 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದದ್ದರಲ್ಲಿದೆ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೆ ಸುಮಾರು 21 ದಿನ ಬೇಕು ಎಂದಿದ್ದರು ಅವರು. ಕಡಿಮೆಯೆಂದರೆ ಎಂಬುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜತೆಗಾರರು 96 ಮಂದಿಯನ್ನು 12 ವಾರ ಗಮನಿಸಿ ಅಳೆದಾಗ ಸಿಕ್ಕ ನಡುವಿನ ಅಂಕಿ 66 ದಿನ. ಅಂತರ ದೊಡ್ಡದು: 18ರಿಂದ 254. ಈ 254 ನೇರವಾಗಿ ಎಣಿಸಿದ್ದಲ್ಲ, 84 ದಿನಗಳ ಗತಿಯಿಂದ ಲೆಕ್ಕ ಹಾಕಿದ್ದು. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ಮೈಗೂಡಿತು, ವ್ಯಾಯಾಮ ತಡವಾಯಿತು. ನಮಗೆ ಬೇಕಾದ್ದು ಅದರಲ್ಲಿ ಇನ್ನೊಂದಿದೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವ ಗತಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಆದ್ದರಿಂದ ತಪ್ಪಿದ ದಿನದ ಬಾಕಿ ತೀರಿಸಬೇಡಿ. ನಿನ್ನೆಯದು ಇವತ್ತಿನದು ಎರಡು ಓದುತ್ತೇನೆ ಎಂದು ಕೂತರೆ ಮದ್ದು ಬಿಡುವ ದಿನಕ್ಕೆ ಇಟ್ಟ ಅಳತೆ ಮುರಿಯಿತು. ಎರಡು ನಾಲ್ಕಾಗಿ, ನಾಲ್ಕು ಸಾಲದ ಹಾಗೆ ತಲೆಯ ಮೇಲೆ ಕೂರುತ್ತದೆ. ಗೋಡೆಯ ಕ್ಯಾಲೆಂಡರಿನ ಬದಿಗೆ ನೂಲಿನಲ್ಲಿ ಒಂದು ಪೆನ್ಸಿಲ್ ನೇತುಹಾಕಿ, ಓದಿದ ದಿನಕ್ಕೆ ಒಂದು ಗೀಟು ಎಳೆಯಿರಿ, ಓದದ ದಿನವನ್ನು ಖಾಲಿ ಬಿಡಿ. ಕಾಟು ಹಾಕಬೇಡಿ. ಅಕ್ಕಪಕ್ಕ ಎರಡು ಖಾಲಿ ಚೌಕ ಕಂಡರೆ ಮರುದಿನ ಮೂರು ನಿಮಿಷವೂ ಬೇಡ, ಒಂದು ಪದ ಓದಿ ಗೀಟು ಹಾಕಿ. ಹಲವು ಮೊಬೈಲ್ ಆಪ್‌ಗಳು ಸತತ ದಿನಗಳ ಎಣಿಕೆ ತೋರಿಸಿ, ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಸುತ್ತವೆ. ಸೊನ್ನೆ ಕಂಡವರು ಆಪ್ ಅಳಿಸುತ್ತಾರೆ, ಓದನ್ನೂ ಅದರ ಜತೆಗೇ ಬಿಡುತ್ತಾರೆ. ತಿಂಗಳಲ್ಲಿ 25 ಗೀಟು ಇದ್ದರೆ ಧಾರಾಳ ಆಯಿತು.

ಅಳತೆ ಏರಿಸುವ ಆಸೆ ಮೂರನೇ ವಾರಕ್ಕೆ ಬರುತ್ತದೆ. ಹೆಚ್ಚು ಓದಬೇಕೆನಿಸಿದ ದಿನ ಇಡೀ ಪುಟ ಓದಿ, ಯಾರೂ ಬೇಡ ಎನ್ನುವುದಿಲ್ಲ. ನಾಳೆಯ ಅಳತೆ ಮಾತ್ರ ಮತ್ತೆ ಒಂದೇ ತಲೆಬರಹ. ತಲೆಬರಹ ತಡೆಯಿಲ್ಲದೆ ಓಡತೊಡಗಿದ ಮೇಲೆ, ಎರಡು ತಿಂಗಳಾದರೂ ಕಳೆದ ಮೇಲೆ, ಅದರ ಕೆಳಗಿನ ಮೊದಲ ಪ್ಯಾರಾ ಸೇರಿಸಬಹುದು. ಮುಂಜಾನೆಯ ನಡಿಗೆ, ಲೆಕ್ಕ ಬರೆಯುವುದು, ಯೋಗ ಎಲ್ಲ ಒಂದೇ ಸೋಮವಾರ ಶುರು ಮಾಡಿದವರಿಗೆ ಇದು ಯಾವುದೂ ಹೊಂದುವುದಿಲ್ಲ. ಒಂದು ಸಲಕ್ಕೆ ಒಂದು.

ಊರಿನ ಪಂಚಾಂಗವನ್ನೂ ನೋಡಿಕೊಳ್ಳಬೇಕು. ದೀಪಾವಳಿಯ ನಂತರ ಯಕ್ಷಗಾನ ಮೇಳ ಹೊರಟರೆ ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಆಟ, ಕೋಲ, ಜಾತ್ರೆ. ರಾತ್ರಿ ಊಟದ ನಂತರ ಎಂದು ಓದನ್ನು ಕಟ್ಟಿದವರು ಅಲ್ಲೇ ಸೋಲುವುದು. ಈ ಕಡೆ ರಾತ್ರಿ ಯಾರದ್ದೂ ಅಲ್ಲ, ಬೆಳಗಿನ ಗೂಟವೇ ಗಟ್ಟಿ.

ಬೆಳಗಿನ ಗೂಟವೂ ಒಂದು ಕಡೆ ಸಡಿಲವಾಗುತ್ತದೆ. ಗಬ್ಬದ ದನದ ಹಾಲು ಬತ್ತಿಸಿದ ಮೇಲೆ ಕರು ಹಾಕುವವರೆಗೆ ಸುಮಾರು 60 ದಿನ ಸೊಸೈಟಿಗೆ ಹೋಗುವ ಕೆಲಸವೇ ಇಲ್ಲ, ಕ್ಯಾನ್ ಅಟ್ಟದಲ್ಲಿರುತ್ತದೆ. ಇನ್ನೊಂದು ಕರೆಯುವ ದನ ಇಲ್ಲದ ಮನೆಯಲ್ಲಿ ಓದು ನಿಲ್ಲುವುದು ಆಗಲೇ, ಏಕೆ ನಿಂತಿತೆಂದು ಗೊತ್ತೂ ಆಗುವುದಿಲ್ಲ. ಕೊನೆಯ ಸಲ ಹಾಲು ಕೊಟ್ಟ ದಿನವೇ ವಾಕ್ಯವನ್ನು ತಿದ್ದಿ ಬರೆಯಿರಿ: ‘ಹಟ್ಟಿಗೆ ಹುಲ್ಲು ಹಾಕಿ ಕೈಕಾಲು ತೊಳೆದ ಕೂಡಲೇ’. ಹೊತ್ತು ಹಿಂದಿನದ್ದೇ ಇರಲಿ, ಜಗಲಿಯ ಜಾಗವೂ ಅದೇ ಇರಲಿ.