ಓಡಬಾರದು ಅಂತ ಬರೆದಿದ್ದೆ, ಅಷ್ಟೇ

ಸೇನೆಯಲ್ಲಿ ಡಾಕ್ಟರಾಗಿದ್ದಾಗ ಅಧಿಕಾರಿಗಳ ಬಾಯಲ್ಲಿ ಪದೇ ಪದೇ ಕೇಳಿದ ಮಾತು ಇದು: "ಮೇಡಂ, ಮಾತ್ರೆ ಕೊಡಿ, ಕಾಗದದಲ್ಲಿ ಮಾತ್ರ ಬರೀಬೇಡಿ." ನೋವು ತಡೆದುಕೊಳ್ಳುತ್ತಿದ್ದರು. ಯಾರು ಎಷ್ಟು ಫಿಟ್ ಅಂತ ತೀರ್ಮಾನಿಸುವ ಡಾಕ್ಟರುಗಳ ಮಂಡಳಿ, ಅಂದರೆ ಮೆಡಿಕಲ್ ಬೋರ್ಡಿನ ಕಾಗದಕ್ಕೆ ಹೆದರುತ್ತಿದ್ದರು. ಅವರ ಭಯ ಸುಳ್ಳಾಗಿರಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ನಮ್ಮ ಸೇನೆಯಲ್ಲಿ ಎಲ್ಲರಿಗೂ 'ಶೇಪ್' ಅನ್ನುವ ದರ್ಜೆ ಇರುತ್ತದೆ. ಮನಸ್ಸು, ಕಿವಿ, ಕೈಕಾಲು, ದೇಹದ ಸಾಮರ್ಥ್ಯ, ಕಣ್ಣು. ಐದನ್ನೂ ಬೇರೆ ಬೇರೆ ನೋಡಿ 1ರಿಂದ 5ರವರೆಗೆ ಅಂಕಿ ಹಾಕುತ್ತೇವೆ. ಎಲ್ಲದಕ್ಕೂ 1 ಬಂದರೆ ಪೂರ್ತಿ ಫಿಟ್. ಅಮೆರಿಕದ ಸೇನೆಯಲ್ಲೂ ಹೀಗೇ ಬಿಡಿಸಿ ನೋಡುವ ಪದ್ಧತಿ ಇದೆ. ಬಿಡಿಸಿ ನೋಡುವುದು ಯಾಕೆ? ಕಿವಿ ಮಂದವಾದವರ ಕಾಲು ಗಟ್ಟಿ ಇರಬಹುದು, ಕಾಲು ಸೋತವರ ತಲೆ ಚುರುಕಾಗಿರಬಹುದು ಅಂತ. ಆದರೆ ಕಾಗದ ಯೂನಿಟ್ ತಲುಪಿದ ಮೇಲೆ ಐದೂ ಕಲಸಿಹೋಗುತ್ತವೆ. ಉಳಿಯುವುದು 'ಎಲ್‌ಎಂಸಿ' ಅನ್ನುವ ಒಂದೇ ಹಣೆಪಟ್ಟಿ. ಲೋ ಮೆಡಿಕಲ್ ಕೆಟಗರಿ.

ಒಬ್ಬ ಮೇಜರ್ ಇದ್ದರು. ಕಂಪನಿ ಕಮಾಂಡರ್, ಅಂದರೆ ಜವಾನರ ಒಂದು ತುಕಡಿಯ ಮುಖ್ಯಸ್ಥರು. ಬೆನ್ನಿನ ಡಿಸ್ಕ್ ಜಾರಿತ್ತು. ಓಡಬಾರದು, ಭಾರ ಎತ್ತಬಾರದು, ನಡೆಯಬಹುದು ಅಂತ ಬರೆದು ಮರುಪರೀಕ್ಷೆಯ ತಾರೀಖು ಹಾಕಿದ್ದೆ. ಕಂಪನಿ ಕಮಾಂಡರ್ ದಿನವಿಡೀ ಮಾಡುವುದೇನು? ನಕ್ಷೆ ನೋಡಿ ಯೋಜನೆ ಹಾಕುವುದು, ಆದೇಶ ಕೊಡುವುದು, ತರಬೇತಿ ನೋಡಿಕೊಳ್ಳುವುದು, ಯಾರಿಗೆ ರಜೆ, ಯಾರ ಮನೆಯಲ್ಲಿ ಏನು ಕಷ್ಟ ಅಂತ ತಿಳಿದುಕೊಳ್ಳುವುದು. ಇದರಲ್ಲಿ ಯಾವುದನ್ನೂ ನಾನು ಬೇಡ ಅಂದಿರಲಿಲ್ಲ. ಆದರೂ ಮೇಲಿನವರೊಬ್ಬರು ನನ್ನೆದುರೇ ಕೇಳಿದರು: "ಮುಂದೆ ನಿಂತು ಓಡದವನು ಮುನ್ನಡೆಸೋದು ಹೇಗೆ?"

ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ತಾನು ಪಡುವ ಕಷ್ಟ ಸಾಹೇಬರೂ ಪಡಲಿ ಅಂತ ಜವಾನ ಬಯಸುತ್ತಾನೆ, ಬಯಸಬೇಕು ಕೂಡ. ಉತ್ತರ ಆ ಕಂಪನಿಯ ಸುಬೇದಾರರಿಂದಲೇ ಬಂತು. "ಸಾಹೇಬರು ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನಡೀತಾರೆ, ಕೊನೇ ಜವಾನ ಓಟ ಮುಗಿಸೋವರೆಗೂ ಅಲ್ಲೇ ಇರ್ತಾರೆ. ನಮ್ಮ ಹುಡುಗರಿಗೆ ಯಾವ ಅನುಮಾನವೂ ಇಲ್ಲ." ಅನುಮಾನ ಇದ್ದದ್ದು ಕೆಳಗಲ್ಲ, ಮೇಲೆ.

ಇಂಥ ಚರ್ಚೆ ಬಂದಾಗೆಲ್ಲ ದೊಡ್ಡ ಹೆಸರುಗಳು ಬರುತ್ತವೆ. 1971ರ ಯುದ್ಧದಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೊ ಆಮೇಲೆ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ನಡೆಸಿದರು. ಪಂಕಜ್ ಜೋಶಿ ಎರಡೂ ಕಾಲು ಕಳೆದುಕೊಂಡು ಲೆಫ್ಟಿನೆಂಟ್ ಜನರಲ್ ಆದರು. ಅಮೆರಿಕದ ಫ್ರೆಡರಿಕ್ ಫ್ರಾಂಕ್ಸ್ 1970ರಲ್ಲಿ ಗಾಯಗೊಂಡು ಎಡಗಾಲು ಕಳೆದುಕೊಂಡರು. 1991ರ ಕೊಲ್ಲಿ ಯುದ್ಧದಲ್ಲಿ ಹಲವು ಡಿವಿಷನ್‌ಗಳ ದೊಡ್ಡ ಪಡೆ, ಇಡೀ ಒಂದು ಕೋರ್, ಅವರ ಕೈಯಲ್ಲಿತ್ತು. ಇವರನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಇವೆಲ್ಲ ಯುದ್ಧದಲ್ಲೋ ಗಡಿಯಲ್ಲೋ ಆದ ಗಾಯಗಳು ಅಲ್ವಾ? ಆ ಗಾಯಕ್ಕೆ ಎಲ್ಲರೂ ಸೆಲ್ಯೂಟ್ ಹೊಡೆಯುತ್ತಾರೆ. ಬಿಪಿ ಏರಿದವರಿಗೆ, ಸಕ್ಕರೆ ಕಾಯಿಲೆ ಬಂದವರಿಗೆ, ಬ್ಯಾಸ್ಕೆಟ್‌ಬಾಲ್ ಆಡುವಾಗ ಮಂಡಿ ಮುರಿದುಕೊಂಡವರಿಗೆ ಯಾರು ಹೊಡೆಯುತ್ತಾರೆ? ಮನಸ್ಸಿನ ದರ್ಜೆ ಇಳಿದವರ ಪಾಡಂತೂ ಕೇಳಲೇಬೇಡಿ. ಖಿನ್ನತೆಗೆ ಚಿಕಿತ್ಸೆ ಪಡೆದು ಚೇತರಿಸಿಕೊಂಡ ಅಧಿಕಾರಿಯನ್ನೂ ವರ್ಷಗಟ್ಟಲೆ ಓರೆಗಣ್ಣಲ್ಲಿ ನೋಡುವುದನ್ನು ಕಂಡಿದ್ದೇನೆ. ನ್ಯಾಯದ ಪರೀಕ್ಷೆ ಆಗಬೇಕಿರುವುದು ಇವರ ವಿಷಯದಲ್ಲಿ.

ಎಲ್ಲರನ್ನೂ ಎಲ್ಲ ಕಡೆ ಕಳಿಸಿ ಅಂತ ನಾನು ಹೇಳುತ್ತಿಲ್ಲ. ಹೃದಯದ ತೊಂದರೆ ಇರುವವರನ್ನು ಆಮ್ಲಜನಕ ಕಡಿಮೆ ಇರುವ ಎತ್ತರಕ್ಕೆ ಕಳಿಸಬಾರದು. ಅದರಲ್ಲಿ ದಾಕ್ಷಿಣ್ಯ ಸಲ್ಲದು. ಆದರೆ ಕಾಗದ ಬಂದರೆ ಬಡ್ತಿ ಹೋಯಿತು ಅನ್ನುವ ಭಯ ಇದ್ದರೆ ಆತ ಎದೆನೋವನ್ನು ಮುಚ್ಚಿಟ್ಟುಕೊಂಡೇ ಬೆಟ್ಟ ಹತ್ತುತ್ತಾನೆ. ಮೇಲೆ ಕುಸಿದರೆ ಅವನನ್ನು ಹೊತ್ತು ಇಳಿಸಬೇಕಾದವರು ಅವನದೇ ಜವಾನರು. ಒಬ್ಬ ಅಧಿಕಾರಿಗೆ ಮಾಡಿದ ಅನ್ಯಾಯದ ಬೆಲೆಯನ್ನು ಇಡೀ ತುಕಡಿ ತೆರುತ್ತದೆ.

ಮೇಲಿನವರು ಮಾಡಬೇಕಾದ್ದು ಕಷ್ಟದ್ದೇನಲ್ಲ. ಈ ಹುದ್ದೆಯ ಯಾವ ಕೆಲಸ ಇವರಿಂದ ಆಗುವುದಿಲ್ಲ ಅಂತ ಡಾಕ್ಟರನ್ನು ನೇರವಾಗಿ ಕೇಳಲಿ. ಕಾಯಿಲೆಯ ಹೆಸರು ಮೆಸ್‌ನಲ್ಲಿ ಓಡಾಡುವುದು ಬೇಡ. ಓಟ ಆಗದವರಿಗೆ ಬೇರೆ ಪರೀಕ್ಷೆ ಇಡಲಿ. ಅಮೆರಿಕದ ಸೇನೆ ಎರಡು ಮೈಲಿ ಓಟದ ಬದಲು ನಡಿಗೆ, ಸೈಕಲ್, ಈಜಿಗೆ ಅವಕಾಶ ಕೊಟ್ಟಿದೆ. ವಾರ್ಷಿಕ ವರದಿಯಲ್ಲಿ ಮಾಡಿದ ಕೆಲಸಕ್ಕೆ ಅಂಕ ಕೊಡಲಿ, ಬೆನ್ನಿಗಲ್ಲ.

ಮತ್ತೆ ಮೇಜರ್‌ಗೆ ಬರೆದ ಆ ಮರುಪರೀಕ್ಷೆಯ ತಾರೀಖು. ತಾತ್ಕಾಲಿಕ ದರ್ಜೆಗೆ ಒಂದು ಕೊನೆ ಇರುತ್ತದೆ, ಅದನ್ನು ಸುಮ್ನೆ ಬರೆಯುವುದಲ್ಲ. ಮೇಜರ್ ಮರುಪರೀಕ್ಷೆಯಲ್ಲಿ ಪೂರ್ತಿ ಫಿಟ್ ಆದರು. ಅಷ್ಟರಲ್ಲಿ ಅವರು ಹೋಗಬೇಕಿದ್ದ ಕೋರ್ಸಿಗೆ ಬೇರೆಯವರ ಹೆಸರು ಹೋಗಿತ್ತು. ಅದು ತರಗತಿಯಲ್ಲಿ ಕೂತು ಕಲಿಯುವ ಕೋರ್ಸ್, ಓಡುವ ಮಾತೇ ಇರಲಿಲ್ಲ. ನಾನು ಬರೆದದ್ದರಲ್ಲಿ ಅವರನ್ನು ತಡೆಯುವಂಥ ಒಂದು ಸಾಲೂ ಇಲ್ಲ ಅಂತ ಮೇಲಿನವರಿಗೆ ಪತ್ರ ಬರೆದೆ. ಮುಂದಿನ ಪಟ್ಟಿಯಲ್ಲಿ ಅವರ ಹೆಸರು ಬಂತು. ಅಷ್ಟು ಹೊತ್ತಿಗೆ ಅವರ ಬ್ಯಾಚಿನವರು ಕೋರ್ಸ್ ಮುಗಿಸಿ ಮುಂದಿನ ಹುದ್ದೆಗೆ ಹೋಗಿಯಾಗಿತ್ತು.